ವೇಲುವಿನ ಮೈನರ್ ಕಾರಿಗೆ ಹಿಂದಿನ ಬ್ರೇಕು

ಜನವರಿ 8

ಬೆಳಿಗ್ಗೆ ಮಂಜು, ರಸ್ತೆ ಒದ್ದೆ. ರಾಂಬೊಡ ಘಾಟಿಯ ಮೇಲೆ ಹೆಡ್‌ಲೈಟ್ ಹಾಕಿದರೂ ಮುಂದಿನದು ಕಾಣುವುದಿಲ್ಲ ಎಂದು ಹಾಲಿನ ಲಾರಿಯವನು ಹೇಳಿದ. ಬಸ್ಸು ಓಡಿಸುತ್ತಿದ್ದಾಗ ದಿನಾ ಮೊದಲು ರಸ್ತೆಯ ಸ್ಥಿತಿ ಬರೆದುಕೊಳ್ಳುತ್ತಿದ್ದೆ. ಈಗ ಬಸ್ಸಿಲ್ಲ, ಅಭ್ಯಾಸ ಮಾತ್ರ ಉಳಿದಿದೆ.

ಗುಣೆಯ ಚಹಾದಂಗಡಿಗೆ ಹೋಗಬಾರದಿತ್ತು. ಗುಣೆ ಯಾರೋ ಹೊಸಬರಿಗೆ ನನ್ನನ್ನು ತೋರಿಸಿ, “ಇವರೇ ನೋಡಿ ಹೇರತ್. ಆಗಸ್ಟ್‌ನಲ್ಲಿ ಬ್ರೇಕ್ ಹೋದ ಬಸ್ಸನ್ನ ಕಮರಿಗೆ ಬಿಡದೆ ಗುಡ್ಡಕ್ಕೆ ಗುದ್ದಿಸಿದ್ರಲ್ಲ, ಅವರೇ. ಬಸ್ಸು ತುಂಬ ಜನ ಇದ್ರು, ಒಂದೂ ಜೀವ ಹೋಗ್ಲಿಲ್ಲ” ಎಂದ. ಅರ್ಧ ಚಹಾ ಬಿಟ್ಟು ಎದ್ದು ಬಂದೆ. ಅವನು ಪ್ರತಿ ಸಲವೂ ಒಂದು ಮಾತು ಹೇಳದೆ ಬಿಡುತ್ತಾನೆ. ಗುಡ್ಡಕ್ಕೆ ತಾಗಿ ಬಸ್ಸು ಮಗ್ಗುಲಾದಾಗ ಕಂಡಕ್ಟರ್ ವೇಲಾಯುಧಂ, ನಮ್ಮ ವೇಲು, ಫುಟ್‌ಬೋರ್ಡಿನಲ್ಲಿದ್ದ. ಅವನ ಸೊಂಟ, ತೊಡೆ ಎರಡೂ ಬಸ್ಸಿನಡಿ ಸಿಕ್ಕಿದವು.

ಬ್ರೇಕ್ ಆಯಿಲ್ಲಿನ ಪೈಪು ಒಡೆದಿತ್ತು, ಡ್ರೈವರನ ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ಬರೆದಿದ್ದಾರೆ. ಬರೆದದ್ದು ನನ್ನ ಬಲಗಾಲಿಗೆ ಗೊತ್ತಾಗಬೇಕಲ್ಲ. ಪೆಡಲ್ ಒತ್ತಿದರೆ ಏನೂ ತಡೆಯಿಲ್ಲದೆ ನೆಲಕ್ಕೆ ಹೋಗಿಬಿಟ್ಟಿತ್ತು, ಕೊಳೆತ ಹಲಸಿನ ಹಣ್ಣಿನ ಮೇಲೆ ಕಾಲಿಟ್ಟ ಹಾಗೆ. ಈಗಲೂ ನಿದ್ದೆಯಲ್ಲಿ ಒತ್ತುತ್ತೇನಂತೆ. “ನನ್ನ ಮೊಣಕಾಲಿಗೆ ಬ್ರೇಕ್ ಹಾಕಿದ್ರಿ” ಎಂದು ಹೆಂಡತಿ ಬಿಸೋ ಇವತ್ತೂ ನೀಲಿಗಟ್ಟಿದ್ದು ತೋರಿಸಿದಳು.

ಬಸ್ಸಿನ ಮಾಲೀಕರು ಮತ್ತೆ ಹೇಳಿ ಕಳಿಸಿದ್ದರು, ಬೇರೆ ಬಸ್ಸು ಕೊಡುತ್ತಾರಂತೆ. ಬರುವುದಿಲ್ಲ ಎಂದೆ. ಭಾವನ ತರಕಾರಿ ಮಂಡಿಯಲ್ಲಿ ಲೀಕ್ಸ್ ಕಟ್ಟು ಕಟ್ಟುವುದೇನೂ ಕೆಟ್ಟ ಕೆಲಸವಲ್ಲ. ಅಲ್ಲಿಗೆ ನಡೆದೇ ಹೋಗಬಹುದು.

ಜನವರಿ 14

ತೈ ಪೊಂಗಲ್. ಮಂಜಿಲ್ಲ.

ವೇಲುವಿನ ಮಗಳು ದರ್ಶಿಕಾ ಮಧ್ಯಾಹ್ನ ಪೊಂಗಲ್ ಪಾತ್ರೆ ಹಿಡಿದು ಬಂದಳು. ಈಗ ಬಾಲವಾಡಿಯಲ್ಲಿ ಟೀಚರು. ಮಕ್ಕಳಿಗೆ ಹೇಳಿ ಹೇಳಿ ದೊಡ್ಡವರ ಹತ್ತಿರವೂ ಅದೇ ದನಿ.

“ಮಾಮ, ಅಪ್ಪ ಒಂದು ಮಾತು ಹೇಳಿ ಕಳಿಸಿದ್ದಾರೆ. ಹೇಳಿದ ಹಾಗೇ ಹೇಳ್ಬೇಕಂತೆ.”

“ಹೇಳಮ್ಮ.”

“‘ನಾಳೆ ಆ ಕತ್ತೆ ನಮ್ಮನೆಗೆ ಬರದಿದ್ರೆ ನಾನೇ ಕೋಲೂರಿಕೊಂಡು ಅವನ ಮನೆ ಮೆಟ್ಟಿಲು ಹತ್ತುತೀನಿ. ಬಿದ್ದು ಇನ್ನೊಂದು ಕಾಲೂ ಮುರಿದ್ರೆ ಅವನೇ ಹೊತ್ಕೊಂಡು ಹೋಗ್ಲಿ.’”

ಬಿಸೋ ಒಳಗಿನಿಂದ ಜೋರಾಗಿ ನಕ್ಕಳು. ನಮ್ಮ ಮನೆಯ ಮೆಟ್ಟಿಲುಗಳು ಕಡಿದು, ಹಾವಸೆ ಬೇರೆ. ನಾಳೆ ಹೋಗಲೇಬೇಕು. ಆಸ್ಪತ್ರೆಯಲ್ಲಿ ನೋಡಿದ ಮೇಲೆ ಅವನ ಮನೆಯ ಕಡೆ ತಲೆ ಹಾಕಿಲ್ಲ. ಯಾಕೆ ಎಂದು ಬರೆಯಲು ಬರುವುದಿಲ್ಲ.

ಜನವರಿ 15

ಹೋಗಿ ಬಂದೆ.

ಹಲಸಿನ ಮರದಡಿಯ ತಗಡಿನ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ತೆಳ್ಳಗಾಗಿದ್ದಾನೆ. ಮೀಸೆ ಮಾತ್ರ ಹಾಗೇ ಇದೆ.

“ಬಂದ್ಯಾ ದೊರೆ? ಇಷ್ಟು ದಿನ ಯಾವ ಸ್ಟಾಪಲ್ಲಿ ನಿಂತಿದ್ದೆ?”

“ಕಾಲು ಹೇಗಿದೆ?”

“ಒಂದು ಚೆನ್ನಾಗಿದೆ. ಇನ್ನೊಂದು ಅದರ ಹಿಂದೆ ಬರತ್ತೆ.”

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವನು ಕೋಲಿನಿಂದ ಗೋಣಿತಾಟು ಸರಿಸಿದ. ಕೆಳಗೆ ಹಳೆಯ ಮೋರಿಸ್ ಮೈನರ್, ಬೂದಿ ಬಣ್ಣ, ನಂಬರ್ ಪ್ಲೇಟಿನ ನಡುವೆ ‘ಶ್ರೀ’ ಅಕ್ಷರ ಬರೆಯುತ್ತಿದ್ದ ಹಿಂದಿನ ಕಾಲದ್ದು. ಎಸ್ಟೇಟ್ ಆಸ್ಪತ್ರೆಯ ಮುದುಕ ಕಂಪೌಂಡರರದ್ದು. ಅವರ ಕೊನೆಗಾಲದಲ್ಲಿ ವೇಲುವಿನ ಹೆಂಡತಿ ಸರೋಜ ಅವರನ್ನು ನೋಡಿಕೊಂಡಿದ್ದಳು. ಹೋಗುವ ಮೊದಲು ಕಾರನ್ನು ಅವಳ ಹೆಸರಿಗೆ ಬರೆದುಕೊಟ್ಟರಂತೆ.

“ಈ ಕಾಲು ನೋಡಿ ಯಾವ ಬಸ್ಸಿನವನೂ ನನ್ನನ್ನ ಕಂಡಕ್ಟರ್ ಅಂತ ಹತ್ತಿಸಿಕೊಳ್ಳಲ್ಲ” ಎಂದ. “ಅದಕ್ಕೇ ಮದುವೆ ಕಾರು ಮಾಡ್ತೀನಿ ಮಚಾಂ. ಈಗಿನ ಮದುಮಕ್ಕಳಿಗೆ ಹೊಸ ಕಾರು ಬೇಡ, ತಾತನ ಕಾಲದ ಕಾರು ಬೇಕು. ಫೋಟೋ ಚೆನ್ನಾಗಿ ಬರತ್ತಂತೆ. ಇಂಜಿನ್ನು ಗಡಿಯಾರದ ಥರ ಇದೆ. ಒಂದು ಬಣ್ಣ, ಒಂದು ರಿಬ್ಬನ್ನು, ಮುಗೀತು.”

“ಓಡಿಸೋದು ಯಾರು?”

“ಸರೋಜನ ತಮ್ಮ ಕಣ್ಣನ್. ಗಂಪೊಳದಲ್ಲಿ ತ್ರೀವೀಲರ್ ಓಡಿಸ್ತಾನಲ್ಲ.”

ಸುಮ್ಮನೆ ನೋಡಿ ಬರಬೇಕೆಂದು ಹೋದವನು ನಾನು. ಆದರೆ ಹಿಂದಿನ ಚಕ್ರದ ಒಳಮೈ ಎಣ್ಣೆಯಿಂದ ಹೊಳೆಯುತ್ತಿತ್ತು. ಬಗ್ಗಿ ಕೈಯಾಡಿಸಿದೆ. ಆಕ್ಸಲ್ಲಿನ ಸೀಲ್ ಹೋಗಿ ಗೇರ್ ಎಣ್ಣೆಯೆಲ್ಲ ಬ್ರೇಕಿಗೆ ಇಳಿದಿದೆ. ಹ್ಯಾಂಡ್ ಬ್ರೇಕ್ ಎಳೆದರೆ ಬಟ್ಟೆ ಒಣಹಾಕುವ ಹಗ್ಗದಂತೆ ಬರುತ್ತದೆ. ಹಿಂದಿನ ಬ್ರೇಕ್ ಡ್ರಮ್ಮುಗಳು ಊಟದ ತಟ್ಟೆಯಷ್ಟೂ ಇಲ್ಲ.

“ಇದರಲ್ಲಿ ಮದುಮಗಳನ್ನ ಕೂರಿಸಿ ರಾಂಬೊಡ ಇಳಿಸ್ತೀಯಾ? ಈ ಬ್ರೇಕು ಮೇಕೆನೂ ನಿಲ್ಲಿಸಲ್ಲ ಕಣೋ!”

“ಅದಕ್ಕೇ ಕರೆಸಿದ್ದು. ನಿಲ್ಲೋ ಹಾಗೆ ಮಾಡು.”

ನನಗೆ ಸಿಟ್ಟು ಬಂದಿತ್ತು. “ಬ್ರೇಕ್ ಮಾತ್ರ ಮಾಡ್ತೀನಿ. ಸ್ಟಿಯರಿಂಗ್ ಮುಟ್ಟಲ್ಲ, ಸೀಟಲ್ಲಿ ಕೂರಲ್ಲ.”

“ಕೂರು ಅಂತ ಯಾರು ಅಂದ್ರು? ಕಾರಿನ ಕೆಳಗೆ ಹೋಗಿ ಮಲಕ್ಕೋ.”

ಜನವರಿ 21

ಒಣ ಹವೆ. ಮಂಡಿಗೆ ರಜ.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಬದಿ ಜಾಕಿಯಲ್ಲಿ ಎತ್ತಿ, ಆಕ್ಸಲ್ಲಿನ ಕೆಳಗೆ ಮರದ ದಿಮ್ಮಿ ಇಟ್ಟೆ. ಜಾಕಿಯೊಂದನ್ನೇ ನಂಬಿ ಕಾರಿನಡಿ ಹೋಗುವವನು ಮೂರ್ಖ. ಬಲಗಡೆಯದು ಸರಿಯಾಗಿ ಬಿಚ್ಚಿತು. ಎಡಗಡೆ ಹಬ್ಬಿನ ದೊಡ್ಡ ನಟ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಂತೆ. ಸೀಮೆಎಣ್ಣೆ ಬಿಟ್ಟೆ. ಹೇಳಬಾರದ ಮಾತೆಲ್ಲ ಹೇಳಿದೆ. ಚಹಾ ತಂದ ಸರೋಜ ಲೋಟ ಇಟ್ಟು ಒಳಗೆ ಓಡಿದಳು.

ಚಹಾ ಕುಡಿಯುವಾಗ ಹೊಳೆಯಿತು. ಎಡಗಡೆಯದಕ್ಕೆ ಉಲ್ಟಾ ಥ್ರೆಡ್ಡು! ಚಕ್ರ ತಿರುಗುವಾಗ ತಾನಾಗಿ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿರುತ್ತಾರೆ. ಬೆಳಗಿನಿಂದ ನಾನು ಬಿಚ್ಚುತ್ತಿರಲಿಲ್ಲ, ಬಿಗಿ ಮಾಡುತ್ತಿದ್ದೆ.

ವೇಲು ಕುರ್ಚಿಯಿಂದ ಬೀಳುವಷ್ಟು ನಕ್ಕ. “ಜೀವನ ಪೂರ್ತಿ ಹೀಗೇ ಮಾಡ್ಕೊಂಡು ಬಂದಿದೀಯ. ಬಿಡು ಅಂದಷ್ಟೂ ಬಿಗಿ ಮಾಡ್ತೀಯ.”

ನಾನೂ ನಕ್ಕೆ. ಕೈಯ ಬೊಬ್ಬೆ ಒಡೆದು ಈಗ ಪೆನ್ನು ಹಿಡಿದರೆ ಉರಿಯುತ್ತದೆ.

ಜನವರಿ 22

ಮೈಕೈ ನೋವು. ಲೀಕ್ಸ್ ಕಟ್ಟುವಾಗ ಎರಡು ಸಲ ಉಲ್ಟಾ ಗಂಟು ಹಾಕಿದೆ.

ಜನವರಿ 30

ಗಂಪೊಳಕ್ಕೆ ಹೋಗಿದ್ದೆವು, ಹನೀಫಾ ನಾನಾ ಅವರ ಗುಜರಿ ಅಂಗಳಕ್ಕೆ. ನಾನಾ ಎಂದರೆ ಅವರ ಮಾತಿನಲ್ಲಿ ಅಣ್ಣ. ಮೈನರಿನ ಹಳೆಯ ಬ್ರೇಕನ್ನೇ ಸರಿ ಮಾಡಿ ಹಾಕಿದರೆ ಬಯಲಿನ ಊರಿಗೆ ಸಾಕು, ನಮ್ಮ ರಸ್ತೆಗೆ ಸಾಲದು. ಅದೇ ವಂಶದ ವೂಲ್ಸ್‌ಲಿ ಕಾರೊಂದು ಅಲ್ಲಿ ಬಳ್ಳಿಯಡಿ ಬಿದ್ದಿದೆ, ಅದರ ಡ್ರಮ್ಮು ದೊಡ್ಡದು, ಬ್ರೇಕ್ ಶೂ ಅಗಲ ಎಂದು ನನಗೆ ನೆನಪಿತ್ತು. ನಮ್ಮ ಆಕ್ಸಲ್ಲಿನ ತುದಿಯ ತೂತುಗಳನ್ನು ರಟ್ಟಿನ ಮೇಲೆ ಅಚ್ಚು ತೆಗೆದುಕೊಂಡೆ, ಅಲ್ಲಿ ಇಟ್ಟು ನೋಡಲು.

ಹೋಗಬೇಕಾದ್ದು ಬಸ್ಸಿನಲ್ಲಿ. ಆಗಸ್ಟಿನ ಮೇಲೆ ನಾನು ಬಸ್ಸು ಹತ್ತಿರಲಿಲ್ಲ. “ನೀನು ಹೋಗಿ ತಾ” ಎಂದೆ ವೇಲುವಿಗೆ. “ಡ್ರಮ್ಮುಗಳನ್ನ ಈ ಕೋಲಿಗೆ ಕಟ್ಟಿಕೊಂಡು ಬರ್ಲಾ?” ಎಂದ.

ಹಿಂದಿನ ಸೀಟಿನಲ್ಲಿ ಕೂತೆವು. ವೇಲು ಕಂಡಕ್ಟರಿಗೆ ಪಾಠ ಶುರು ಮಾಡಿದ: “ಲೋ, ಚಿಲ್ಲರೆನ ಎಡಗೈಲಿ ಇಟ್ಕೋ. ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗು, ಶವಯಾತ್ರೆಲಿ ಇರೋನ ಥರ ಗೊಣಗಬೇಡ.” ಇಳಿಜಾರು ಶುರುವಾದಾಗ ನನ್ನ ಬಲಗಾಲು ತಾನಾಗಿ ನೆಲ ಒತ್ತತೊಡಗಿತು. ವೇಲು ನೋಡಿದ. ತನ್ನ ಕೋಲನ್ನು ನನ್ನ ಕೈಗೆ ಕೊಟ್ಟು, “ಸ್ವಲ್ಪ ಹಿಡ್ಕೋ, ಜಾರುತ್ತೆ” ಎಂದ. ಗಂಪೊಳದವರೆಗೂ ಹಿಡಿದುಕೊಂಡಿದ್ದೆ.

ಹನೀಫಾ ನಾನಾ ಟೋಪಿ ಸರಿ ಮಾಡಿಕೊಂಡು ಬಳ್ಳಿ ಕತ್ತರಿಸಿಕೊಟ್ಟರು. “ಇದನ್ನ ಕೇಳ್ಕೊಂಡು ಯಾರೂ ಬಂದೇ ಇಲ್ಲ ಹೇರತ್. ಹಾವು ಇದ್ರೂ ಇರಬಹುದು, ನೋಡ್ಕೊಂಡು.” ಹಾವಿರಲಿಲ್ಲ, ಕೋಳಿಯೊಂದು ಮೊಟ್ಟೆಯಿಟ್ಟಿತ್ತು. ರಟ್ಟು ಇಟ್ಟು ನೋಡಿದೆ. ಬೋಲ್ಟಿನ ತೂತುಗಳು ಕೂಡಿದವು. ಬೆಲೆಯ ಮಾತು ವೇಲುವಿಗೆ ಬಿಟ್ಟೆ. ಅವರಿಬ್ಬರೂ ಜಗಳವಾಡಿ, ತಬ್ಬಿಕೊಂಡು, ಮತ್ತೆ ಜಗಳವಾಡಿದರು. ಡ್ರಮ್ಮು, ಬ್ಯಾಕ್ ಪ್ಲೇಟು, ಲೀವರು ಎಲ್ಲ ಗೋಣಿಗೆ ಹಾಕಿಕೊಂಡು ಬಂದೆವು. ಬರುವಾಗ ಏರು. ಅದೇನೂ ಕಷ್ಟವಾಗಲಿಲ್ಲ.

ಫೆಬ್ರವರಿ 6

ಈ ವಾರ ಪ್ರತಿ ಸಂಜೆ ಶೆಡ್ಡಿನಲ್ಲೇ. ಬ್ಯಾಕ್ ಪ್ಲೇಟು ಕೂತಿತು. ಹೊಸ ಬೇರಿಂಗು, ಹೊಸ ಸೀಲು, ಹೊಸ ವೀಲ್ ಸಿಲಿಂಡರು. ಅವನ್ನು ಕೊಲಂಬೊದ ಪಂಚಿಕಾವತ್ತದ ಬಿಡಿಭಾಗದ ಅಂಗಡಿಯಿಂದ ಪಾರ್ಸೆಲ್ ತರಿಸಿದೆವು. ರಬ್ಬರಿನ ಪೈಪು ಹಳೆಯದನ್ನು ಮುಟ್ಟಿಯೂ ನೋಡಲಿಲ್ಲ, ಹೊಸದೇ. ತಾಮ್ರದ ಪೈಪನ್ನು ಬೆರಳಲ್ಲಿ ತಡವಿ ತಡವಿ ನೋಡಿದೆ, ಮತ್ತೆ ನೋಡಿದೆ. “ಮದುವೆ ಹೆಣ್ಣಿನ ಕೊರಳು ಸವರಿದ ಹಾಗೆ ಸವರ್ತಾನೆ” ಎಂದ ವೇಲು.

ಹ್ಯಾಂಡ್ ಬ್ರೇಕಿನ ಲೀವರು ಮಾತ್ರ ಬೇರೆ ಅಳತೆ. ಕೇಬಲ್ ಒಂದು ಹೆಬ್ಬೆರಳಿನಷ್ಟು ಸಾಲದಾಯಿತು. ಕಮ್ಮಾರನ ಹತ್ತಿರ ಒಂದು ಕೊಂಡಿ ಹೊಡೆಸಿ ಜೋಡಿಸಿದೆ.

ಕೊಂಡಿ ಹಾಕುವಾಗ ವೇಲುವಿನ ಕಾಲು ನನ್ನ ಮುಖದ ಪಕ್ಕದಲ್ಲೇ ಇತ್ತು. ಉಟ್ಟ ಸಾರಂಗು ಮೇಲೆ ಸರಿದಿತ್ತು. ಹೊಲಿಗೆಯ ಗುರುತು ತೊಡೆಯಿಂದ ಮೊಣಕಾಲಿನವರೆಗೆ ರೈಲು ಹಳಿಯ ಹಾಗೆ. ನಾನು ಮುಖ ತಿರುಗಿಸಿದ್ದು ಅವನಿಗೆ ಕಂಡಿರಬೇಕು.

“ನೋಡೋ” ಎಂದ. “ಸರಿಯಾಗಿ ನೋಡು. ಆಸ್ಪತ್ರೆಲೂ ನೀನು ಕಿಟಕಿ ನೋಡ್ಕೊಂಡು ಕೂತಿದ್ದೆ. ಈ ಕಾಲು ಯಾರದ್ದು?”

“ನಿಂದು.”

“ಹ್ಞಾ, ನಂದು. ನೀನ್ಯಾಕೆ ಇದನ್ನ ಹೊತ್ಕೊಂಡು ಊರೆಲ್ಲ ತಿರುಗ್ತಿದೀಯ? ಕೆಳಗಿಡೋ ಮಾರಾಯ. ನನಗೆ ನಡೆಯೋಕೆ ಬೇಕು.”

ನಾನು ಕಾರಿನಡಿಯಲ್ಲೇ ಇದ್ದೆ, ಒಳ್ಳೆಯದಾಯಿತು. ಕಣ್ಣಿಗೆ ತುಕ್ಕು ಬಿತ್ತು ಎಂದೆ.

“ಬಿದ್ದಿರತ್ತೆ, ಬಿದ್ದಿರತ್ತೆ. ಹಳೇ ಕಾರು” ಎಂದ.

ಫೆಬ್ರವರಿ 12

ಬ್ರೇಕಿನ ಗಾಳಿ ತೆಗೆಯಲು ಹೋದೆ. ಪೈಪುಗಳನ್ನೆಲ್ಲ ಬಿಚ್ಚಿ ಹಾಕಿದ ಮೇಲೆ ಒಳಗೆ ಗಾಳಿ ಸೇರಿರುತ್ತದೆ. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಿ ಗಾಳಿ ಬಿಟ್ಟು ಬಿಗಿ ಮಾಡಬೇಕು. ವೇಲುವಿನ ಕಾಲಿಗೆ ಪೆಡಲ್ ಒತ್ತಲು ಆಗುವುದಿಲ್ಲ. ದರ್ಶಿಕಾ ಶಾಲೆಯಲ್ಲಿ, ಸರೋಜ ಎಸ್ಟೇಟಿನಲ್ಲಿ. “ನಾನು ಕೆಳಗೆ ನೋಡ್ಕೋತೀನಿ, ನೀನು ಕೂತು ಒತ್ತು. ಓಡಿಸು ಅಂತ ಹೇಳ್ತಿಲ್ಲ” ಎಂದ.

ಕೂತೆ. ಒತ್ತಿದೆ.

ಪೆಡಲ್ ನೆಲಕ್ಕೆ ಹೋಯಿತು. ಗಾಳಿಯಿದ್ದಾಗ ಹಾಗೇ ಹೋಗುತ್ತದೆ, ಹೋಗಬೇಕಾದ್ದೇ ಹಾಗೆ. ನನಗೆ ಗೊತ್ತು.

ಎದ್ದು ಮನೆಗೆ ಬಂದೆ. ಅವನು ಹಿಂದಿನಿಂದ ಕೂಗುತ್ತಿದ್ದ.

ಫೆಬ್ರವರಿ 13

ಮಂಜು.

ಫೆಬ್ರವರಿ 14

ಮಂಜು. ಮಂಡಿಗೆ ಹೋಗಲಿಲ್ಲ.

ಫೆಬ್ರವರಿ 17

ಇವತ್ತಿನದು ಬರೆಯಲೇಬೇಕು.

ಮಧ್ಯಾಹ್ನ ಎದ್ದು ನೋಡಿದರೆ ಬಿಸೋ ಮನೆಯಲ್ಲಿಲ್ಲ. ಅನ್ನ, ಬೇಳೆ, ತೆಂಗಿನ ಸಂಬೋಲ ಮುಚ್ಚಿಟ್ಟಿದ್ದಳು. ಪಕ್ಕದ ಮನೆಯವಳು, “ಅಕ್ಕ ವೇಲಾಯುಧಂ ಮನೆ ಕಡೆ ಹೋದ್ರು, ಸೆರಗು ಸಿಕ್ಕಿಸಿಕೊಂಡು” ಎಂದಳು. ನನಗೆ ಭಯವಾಯಿತು, ಅವನಿಗೇನೋ ಆಗಿದೆ ಎಂದುಕೊಂಡು ಓಡಿದೆ.

ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದರೆ ನನ್ನ ಹೆಂಡತಿ ಮೈನರಿನ ಡ್ರೈವರ್ ಸೀಟಿನಲ್ಲಿ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದಾಳೆ. ಹುಟ್ಟಿದಂದಿನಿಂದ ಸೈಕಲ್ಲೂ ಹೊಡೆದವಳಲ್ಲ. ವೇಲು ಹಿಂದಿನ ಚಕ್ರದ ಹತ್ತಿರ ಗೋಣಿಯ ಮೇಲೆ ಮಗ್ಗುಲಾಗಿ ಮಲಗಿದ್ದಾನೆ, ಕೆಟ್ಟ ಕಾಲು ಒಂದು ಕಡೆ, ಅವನೊಂದು ಕಡೆ.

“ಒತ್ತು ತಾಯಿ!”

“ಒತ್ತಿದೆ!”

“ಬಿಡು!”

“ಬಿಟ್ಟೆ!”

“ಅಯ್ಯೋ, ನಾನು ಬಿಗಿ ಮಾಡೋಕೆ ಮುಂಚೆ ಬಿಡಬೇಡ ಅಂತ ಎಷ್ಟು ಸಲ ಹೇಳಿದೆ!”

“ನೀವು ಬಿಡು ಅಂದ್ರಿ, ಬಿಟ್ಟೆ! ಮೊದಲು ಬಿಗಿ ಮಾಡಿ, ಆಮೇಲೆ ಬಾಯಿ ಬಿಡಿ!”

ವೇಲುವಿನ ಮುಖದ ತುಂಬ ಬ್ರೇಕ್ ಆಯಿಲ್ಲು. ಇದಕ್ಕಿಂತ ದೊಡ್ಡ ಅನಾಹುತ ಏನೆಂದರೆ ಇಬ್ಬರೂ ಬಲಗಡೆಯಿಂದ ಶುರು ಮಾಡಿದ್ದರು! ಯಾವಾಗಲೂ ಪೆಡಲಿಗೆ ದೂರದ ಚಕ್ರದಿಂದ ಶುರು ಮಾಡಬೇಕು, ಅಂದರೆ ಎಡಹಿಂದಿನದು. ಕಾರಿನೊಳಗಿನ ಬ್ರೇಕ್ ಆಯಿಲ್ಲಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಒಳಗೆ ಒಂದು ಹನಿಯಿಲ್ಲ. ಖಾಲಿ ಡಬ್ಬಿಯಿಂದ ಗಾಳಿಯನ್ನೇ ಒಳಗೆ ತುಂಬುತ್ತಿದ್ದರು, ತೆಗೆಯುತ್ತಿರಲಿಲ್ಲ.

“ಯಾರು ಹೇಳಿಕೊಟ್ಟದ್ದು ನಿಮಗೆ ಇದನ್ನ? ಇಳಿ ಬಿಸೋ. ಇಳಿ ಅಂದೆ! ವೇಲು, ಮೊದಲು ಮುಖ ತೊಳ್ಕೊ, ಕಣ್ಣಿಗೆ ಹೋದ್ರೆ ಉರಿಯತ್ತೆ. ಆಮೇಲೆ ಎಡಗಡೆಗೆ ಹೋಗು.”

“ಹೋಗೋಕೆ ಎಬ್ಬಿಸ್ಬೇಕು ನನ್ನ.”

ಎಬ್ಬಿಸಿ, ತೊಳೆಸಿ, ಆ ಕಡೆ ಮಲಗಿಸಿದೆ. ಬಿಸೋಳಿಗೆ ಡಬ್ಬಿ ನೋಡಿಕೊಂಡು ಆಯಿಲ್ಲು ಹಾಕುತ್ತಿರಲು ಹೇಳಿದೆ. ಪೆಡಲ್ ಒತ್ತಲು ಇನ್ನು ಯಾರಿದ್ದಾರೆ? ನಾನೇ ಕೂತೆ.

ಮೊದಲು ನೆಲಕ್ಕೇ ಹೋಯಿತು. ವೇಲು “ಗುಳ್ಳೆ ಬಂತು” ಎಂದ. ಮತ್ತೆ ಒತ್ತಿದೆ. “ಇನ್ನೂ ಬರ್ತಿದೆ. ಸೋಡ ಬಾಟ್ಲಿ ಥರ.” ಮತ್ತೆ. ನಾನು ಮುಂದಿನ ಗಾಜು ನೋಡುತ್ತಿರಲಿಲ್ಲ, ಕಾಲನ್ನೂ ನೋಡುತ್ತಿರಲಿಲ್ಲ, ಅವನ ದನಿಯನ್ನು ಮಾತ್ರ ಕೇಳುತ್ತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬಿಸೋ ಆಯಿಲ್ಲಿನ ಒಂದು ಟಿನ್ನು ಮುಗಿಸಿ ಇನ್ನೊಂದು ತೆರೆದಳು. ಆಮೇಲೆ ಒಂದು ಸಲ ಒತ್ತಿದಾಗ ಅರ್ಧದಲ್ಲಿ ಏನೋ ತಡೆಯಿತು, ಕಳ್ಳನ ಹಾಗೆ ಮೆತ್ತಗೆ. ಇನ್ನೊಂದು ಸಲಕ್ಕೆ ಇನ್ನೂ ಮೇಲೆ ತಡೆಯಿತು. ಬಲಗಡೆ ಮುಗಿಸಿ, ಮುಂದಿನವೆರಡನ್ನೂ ಮುಗಿಸಿದ ಮೇಲೆ ಒತ್ತಿದರೆ, ಗಟ್ಟಿ! ಕಲ್ಲಿನ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ. ಜೋರಾಗಿ ತುಳಿದೆ, ಹಿಡಿದೇ ಇದ್ದೆ. ಇಳಿಯಲಿಲ್ಲ. ಮತ್ತೆ ತುಳಿದೆ. ಮತ್ತೆ.

“ಸಾಕು ಕಣೋ, ಪೆಡಲ್ ಮುರೀತೀಯ” ಎಂದ ವೇಲು.

ಬಿಸೋ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದಳು, ಕೈಯೆಲ್ಲ ಆಯಿಲ್ಲು. “ನನಗೂ ಒಂದು ಸಲ ಒತ್ತೋಕೆ ಕೊಡಿ” ಎಂದಳು. ಒತ್ತಿ ನೋಡಿ, “ಓ, ಹೀಗಿರಬೇಕಾ ಇದು” ಎಂದಳು.

ಮನೆಗೆ ಬರುವಾಗ ಅವಳನ್ನು ಕೇಳಿದೆ, ನಿನ್ನನ್ನು ಯಾರು ಕಳಿಸಿದ್ದು ಅಲ್ಲಿಗೆ ಎಂದು. “ಯಾರೂ ಇಲ್ಲ. ಮನೇಲಿ ನಿಮ್ಮ ಮುಖ ನೋಡಿ ನೋಡಿ ಸಾಕಾಗಿತ್ತು” ಎಂದಳು.

ಫೆಬ್ರವರಿ 20

ಹಿಂದಿನ ಶೂಗಳನ್ನು ಹೊಂದಿಸಿದೆ. ಚಕ್ರ ಕೈಯಲ್ಲಿ ತಿರುಗಿಸಿದರೆ ‘ಸರ್’ ಎಂದು ಸಣ್ಣಗೆ ತಾಗಬೇಕು, ಹಿಡಿಯಬಾರದು. ಎಡಗಡೆಯ ತಿರುಪನ್ನು ಇನ್ನೊಂದು ಹಲ್ಲು ಸಡಿಲಿಸಬೇಕಾಯಿತು.

ಬಿಸೋ ಈಚೆಗೆ ಚೆನ್ನಾಗಿ ನಿದ್ದೆ ಬರುತ್ತಿದೆ ಎನ್ನುತ್ತಾಳೆ. ಹವೆ ಬದಲಾದದ್ದಕ್ಕಿರಬೇಕು.

ಫೆಬ್ರವರಿ 25

ಕಣ್ಣನ್ ಬಂದಿದ್ದ. ಬಿಳಿ ಬೂಟು, ಕೂದಲಿಗೆ ಎಣ್ಣೆ. ಒಳ್ಳೆಯ ಹುಡುಗನೇ, ಆದರೆ ಕಾರನ್ನೂ ತ್ರೀವೀಲರಿನ ಹಾಗೆ ಸಂದಿಯಲ್ಲಿ ನುಗ್ಗಿಸಲು ನೋಡುತ್ತಾನೆ. ಮೊದಲು ಶಾಲೆಯ ಮೈದಾನದಲ್ಲಿ ಬ್ರೇಕು ನೋಡಿದೆವು. ನಾನು ಅವನ ಪಕ್ಕದಲ್ಲಿ ಕೂತೆ, ವೇಲು ಹಿಂದೆ. ಒಣಮಣ್ಣಿನಲ್ಲಿ ಚಕ್ರದ ನಾಲ್ಕೂ ಗೀಟು ನೇರ, ಯಾವ ಕಡೆಗೂ ಎಳೆಯಲಿಲ್ಲ. ಆಮೇಲೆ ದೇವಾಲೆ ಗುಡಿಯ ಹತ್ತಿರದ ಏರಿನಲ್ಲಿ ಬರೀ ಹ್ಯಾಂಡ್ ಬ್ರೇಕಿನ ಮೇಲೆ ನಿಲ್ಲಿಸಿದೆವು. ನಿಂತಿತು. ಕಮ್ಮಾರನ ಕೊಂಡಿ ಗಟ್ಟಿ.

ವಾಪಸು ಬರುವಾಗ ಕಣ್ಣನ್ ಏನು ಮಾಡಿದ ಎಂದರೆ, ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕಿದ!

“ಏನೋ ಮಾಡ್ತಿದೀಯ?”

“ಪೆಟ್ರೋಲ್ ಉಳಿಯತ್ತೆ ಅಂಕಲ್. ಗಂಪೊಳದಲ್ಲಿ ಎಲ್ರೂ ಹೀಗೇ.”

“ನಿಲ್ಸು.”

“ಅಂಕಲ್, ಬ್ರೇಕ್ ಸೂಪರ್ ಇದೆಯಲ್ಲ, ಇನ್ನೇನು…”

“ನಿಲ್ಸು ಅಂದೆ! ಇಳಿಜಾರಲ್ಲಿ ಬ್ರೇಕಿನ ಮೇಲೇ ಭಾರ ಹಾಕಿದ್ರೆ ಕಾದು ಕೆಂಡ ಆಗತ್ತೆ. ಯಾವ ಗೇರಲ್ಲಿ ಹತ್ತಬಹುದೋ ಆ ಗೇರಲ್ಲೇ ಇಳೀಬೇಕು. ನಿಮ್ಮಪ್ಪ ಹೇಳಿಕೊಡಲಿಲ್ವಾ?”

ಅವನನ್ನು ಆಚೆ ಸೀಟಿಗೆ ಸರಿಸಿ, ಸ್ಟಿಯರಿಂಗ್ ಹಿಡಿದು, ಎರಡನೇ ಗೇರಿನಲ್ಲಿ ಹೇಗೆ ಇಳಿಯುವುದೆಂದು ತೋರಿಸುತ್ತಾ ಮನೆಯವರೆಗೆ ಕಾರು ತಂದೆ. ಬ್ರೇಕನ್ನು ಎಲ್ಲಿ ಮುಟ್ಟಬೇಕು, ಎಲ್ಲಿ ಬಿಡಬೇಕು ಎಂದು ಹೇಳಿದೆ. ಎಷ್ಟು ತಲೆಗೆ ಹೋಯಿತೋ. ಶೆಡ್ಡಿನ ಹತ್ತಿರ ಇಳಿದ ಕೂಡಲೇ ಹಿಂದಿನ ಚಕ್ರ ಮುಟ್ಟಿ ನೋಡಿದೆ: ಬೆಚ್ಚಗಿತ್ತು, ಬಿಸಿಯಿರಲಿಲ್ಲ. ಎಣ್ಣೆಯೂ ಇಲ್ಲ. ಸೀಲು ಸರಿಯಾಗಿ ಕೂತಿದೆ.

ವೇಲು ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಅವನು ಸುಮ್ಮನಿರುವುದೆಂದರೆ ಹೊಟ್ಟೆ ಕೆಟ್ಟಿರಬೇಕು. ಸರೋಜನಿಗೆ ಶುಂಠಿ ಕಷಾಯ ಮಾಡಿಕೊಡಲು ಹೇಳಿ ಬಂದೆ.

ಸಂಜೆ ಬಿಸೋ ಊಟ ಬಡಿಸುವಾಗ ಸುಮ್ಮಸುಮ್ಮನೆ ನಗುತ್ತಿದ್ದಳು. ಕೇಳಿದರೆ ಇನ್ನಷ್ಟು ಅನ್ನ ಹಾಕಿದಳು.

ಮಾರ್ಚ್ 6

ಬಣ್ಣ ಮುಗಿಯಿತು. ಹಾಲಿನ ಕೆನೆಯ ಬಣ್ಣ, ದರ್ಶಿಕಾ ಆರಿಸಿದ್ದು. ಮೊದಲ ಬುಕಿಂಗ್ ಬಂದಿದೆ: ಘಾಟಿಯ ಮೇಲಿನ ಲಬುಕೆಲೆಯ ಒಂದು ಮನೆಯಿಂದ ಮದುಮಗಳನ್ನು ಗಂಪೊಳದ ಮದುವೆ ಛತ್ರಕ್ಕೆ. ಅಂದರೆ ರಾಂಬೊಡ ಇಳಿದೇ ಬರಬೇಕು.

ಕಣ್ಣನಿಗೆ ಆ ದಿನ ಬೇರೆ ಬಾಡಿಗೆ ಇದೆಯಂತೆ. ಇದ್ದರೂ ಅವನ ಕೈಗೆ ಕೊಡುವ ಮಾತಿಲ್ಲ ಎಂದು ನಾನೇ ಹೇಳಿದೆ. “ಹಾಗಾದ್ರೆ ಹದಿನೇಳಕ್ಕೆ ಬೆಳಿಗ್ಗೆ ಬೇಗ ಬಾ” ಎಂದ ವೇಲು. “ಬಿಳೀ ಶರ್ಟು ಹಾಕ್ಕೊ. ಮಂಡಿ ವಾಸನೆ ಬರಬಾರದು.”

ಬಿಳಿ ಶರ್ಟಿನ ಕಾಲರು ಸವೆದಿದೆ. ಬಿಸೋ ತಿರುಗಿಸಿ ಹೊಲಿಯುತ್ತಿದ್ದಾಳೆ. ಭಾವನಿಗೆ ಶನಿವಾರ ಬರುವುದಿಲ್ಲ ಎಂದು ಹೇಳಬೇಕು.

ಮಾರ್ಚ್ 17

ಮಂಜಿಲ್ಲ ಎಂದುಕೊಂಡು ಹೊರಟರೆ ರಾಂಬೊಡ ದಾಟಿದ ಮೇಲೆ ಸಿಕ್ಕಿತು. ಲ್ಯಾಂಪು ಹಾಕಿಕೊಂಡು ನಿಧಾನ ಹತ್ತಿದೆವು. ವೇಲು ಪಕ್ಕದಲ್ಲಿ, ಹೊಸ ಸಾರಂಗು, ಕೋಲಿಗೂ ರಿಬ್ಬನ್ನು.

ಮದುಮಗಳ ಹೆಸರು ಇಮೇಷಾ. ಕ್ಯಾಂಡಿ ಸೀರೆ, ತಲೆಯಿಂದ ಹಣೆಗಿಳಿಯುವ ನಳಲಪಟಿ ಒಡವೆ, ಕೊರಳ ತುಂಬ ಏಳು ಸರ. ಬಾಗಿಲಲ್ಲಿ ಹಿಡಿಸುವುದೇ ಕಷ್ಟವಾಯಿತು. ಪಕ್ಕದಲ್ಲಿ ಅವಳ ಅಜ್ಜಿ. ಹೊರಡುವ ಶುಭಗಳಿಗೆ ದಾಟಿಹೋಗುತ್ತದೆ ಎಂದು ಅವಳ ಅಪ್ಪ ಕೂಗುತ್ತಿದ್ದರು. ಹುಡುಗಿ ಅಳುತ್ತಲೇ ಹತ್ತಿದಳು. ಸ್ವಲ್ಪ ದೂರ ಹೋದ ಮೇಲೆ, “ಮಾಮ, ನನಗೆ ತಿರುವಿನಲ್ಲಿ ವಾಂತಿ ಬರತ್ತೆ. ಸೀರೆ…” ಎಂದಳು.

“ಬರಲ್ಲಮ್ಮ. ಕಣ್ಣು ದೂರ ಇಡು” ಎಂದೆ.

“ಇವರು ಓಡಿಸಿದ್ರೆ ಹೊಟ್ಟೇಲಿರೋ ನೀರೂ ಅಲ್ಲಾಡಲ್ಲ ಮಗಳೇ” ಎಂದು ವೇಲು ಹಿಂದೆ ತಿರುಗಿ ಹೇಳಿದ. ಆಮೇಲೆ ಅವಳಿಗೆ ನಮ್ಮ ಬಸ್ಸಿನ ಕಾಲದ ಕಥೆಗಳನ್ನು ಹೇಳತೊಡಗಿದ: ಟಿಕೆಟ್ ಕೊಳ್ಳದ ಮಂತ್ರವಾದಿ, ಬಸ್ಸಿನಲ್ಲೇ ಮರಿ ಹಾಕಿದ ಆಡು. ಹುಡುಗಿ ನಗುತ್ತಾ ವಾಂತಿ ಮರೆತಳು.

ಎರಡನೇ ಗೇರು. ಜಲಪಾತದ ಕೆಳಗಿನ ತಿರುವು ದಾಟಿ, ಬಸ್ಸು ಗುದ್ದಿದ ಆ ಗುಡ್ಡದ ಹತ್ತಿರ ಬಂದೆವು. ಮಣ್ಣು ಜಾರಿದ ಕಡೆ ಎಸ್ಟೇಟಿನವರು ಹೊಸ ಚಹಾ ಗಿಡ ಹಾಕಿದ್ದಾರೆ. ಅಷ್ಟರಲ್ಲಿ ಎಡಬದಿಯ ಕಾಲುದಾರಿಯಿಂದ ಬುಟ್ಟಿ ಹೊತ್ತ ಹೆಂಗಸರು ರಸ್ತೆಗೆ ಇಳಿದರು, ಮಾತಾಡಿಕೊಂಡು, ನಮ್ಮನ್ನು ನೋಡದೆ. ಬ್ರೇಕು ಒತ್ತಿದೆ. ಕಾರು ನೇರವಾಗಿ ನಿಂತಿತು, ಅವರಿಂದ ಬಹಳ ಈಚೆಗೇ. ಅಜ್ಜಿಯ ಮಡಿಲಿನ ವೀಳ್ಯದ ತಟ್ಟೆ ಕೂಡ ಜಾರಲಿಲ್ಲ. ಹೆಂಗಸರು ಮದುಮಗಳನ್ನು ಕಂಡು ಬಗ್ಗಿ ಕಿಟಕಿಯಲ್ಲಿ ಇಣುಕಿದರು. ಒಬ್ಬಳು ವೇಲುವಿನ ಗುರುತು ಹಿಡಿದು, “ಏನಣ್ಣಾ, ಬಸ್ಸು ಚಿಕ್ಕದಾಗಿಬಿಡ್ತಾ?” ಎಂದಳು.

“ತೊಳೆದ್ವಿ, ಕುಗ್ಗಿಹೋಯ್ತು” ಎಂದ ಇವನು.

ಮದುವೆಯ ಶುಭಗಳಿಗೆಗೆ ಮೊದಲೇ ಛತ್ರ ಮುಟ್ಟಿದೆವು. ಮದುವೆ ಚೆನ್ನಾಗಿತ್ತು. ಕಿರಿಬತ್ ಹಾಲನ್ನಕ್ಕೆ ಉಪ್ಪು ಸ್ವಲ್ಪ ಜಾಸ್ತಿ. ಗಂಡಿನ ಕಡೆಯ ಇಬ್ಬರು ಬಂದು ದಿನಾಂಕ ಕೇಳಿದರು. ವೇಲು, “ನಮ್ಮ ಡ್ರೈವರ್ ಸಾಹೇಬ್ರನ್ನ ಕೇಳಿ ಹೇಳ್ತೀನಿ” ಎಂದು ದೊಡ್ಡವರ ಹಾಗೆ ಹೇಳಿದ. ಸೋಮವಾರದಿಂದ ಮಂಡಿಗೆ ವಾರಕ್ಕೆ ಎರಡು ದಿನ ಮಾತ್ರ ಹೋದರೆ ಸಾಕೇನೋ. ಭಾವನನ್ನು ಕೇಳಬೇಕು.

ಅಜ್ಜಿಯನ್ನು ಮತ್ತೆ ಲಬುಕೆಲೆಗೆ ಬಿಟ್ಟು ಬರಬೇಕಿತ್ತು. ಅವರನ್ನು ಇಳಿಸಿ ಹೊರಟಾಗ ಹೊತ್ತು ಮುಳುಗುತ್ತಿತ್ತು. ಇಳಿಜಾರು ಶುರುವಾದ ಮೇಲೆ ವೇಲುವಿನ ಮಾತು ನಿಂತಿತು. ಏನಾಯಿತೆಂದು ತಿರುಗಿ ನೋಡಿದೆ. ನಿದ್ದೆ ಹೋಗಿದ್ದ. ಬಾಯಿ ತೆರೆದು, ತಲೆ ಕಿಟಕಿಗೆ ಒರಗಿಸಿ, ಕೆಟ್ಟ ಕಾಲನ್ನು ಮುಂದಕ್ಕೆ ಚಾಚಿಕೊಂಡು, ಮಗುವಿನ ಹಾಗೆ. ಕೋಲು ಕೈಯಿಂದ ಜಾರಿ ಕೆಳಗೆ ಬಿದ್ದಿತ್ತು.

ಅದೇ ಗುಡ್ಡ ಬಂತು, ಹೋಯಿತು. ತಿರುವಿನಲ್ಲೆಲ್ಲ ಬ್ರೇಕನ್ನು ಮೆತ್ತಗೆ ಮುಟ್ಟುತ್ತಾ ಇಳಿಸಿದೆ, ಅವನ ತಲೆ ಗಾಜಿಗೆ ತಾಗದ ಹಾಗೆ. ಹಲಸಿನ ಮರದಡಿ ಕಾರು ನಿಂತು, ಇಂಜಿನ್ ಆರಿದ ಮೇಲೂ ಅವನಿಗೆ ಎಚ್ಚರವಾಗಲಿಲ್ಲ. ಒಳಗೆ ಸರೋಜ ದೀಪ ಹಚ್ಚುತ್ತಿದ್ದಳು. ಎಬ್ಬಿಸಲು ನನಗೂ ಅವಸರವಿರಲಿಲ್ಲ. ಸೀಟಿನಲ್ಲಿ ಹಾಗೇ ಕೂತಿದ್ದೆ.